ಅಮ್ಮನ ಕೋಣೆಗೆ ಕ್ಯಾಮೆರಾ: ಯಾವುದನ್ನು ಒಪ್ಪುವುದು, ಯಾವುದನ್ನು ಬಿಡುವುದು

ನಮ್ಮ ಕಡೆ ನರ್ಸಿಂಗ್ ಹೋಂ ಎಂದರೆ ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್ನಿಗೋ ನಾಲ್ಕು ದಿನ ಸೇರುವ ಸಣ್ಣ ಆಸ್ಪತ್ರೆ. ನಾನು ಹೇಳಹೊರಟಿರುವುದು ವಯಸ್ಸಾದವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುವ ಜಾಗದ ಬಗ್ಗೆ. ವೃದ್ಧಾಶ್ರಮ ಎನ್ನಲು ನಾಲಿಗೆ ಏಳದೆ ‘ಸೀನಿಯರ್ ಕೇರ್’, ‘ಅಸಿಸ್ಟೆಡ್ ಲಿವಿಂಗ್’ ಎಂದೋ, ಬರೀ ‘ಹೋಂ’ ಎಂದೋ ಕರೆದು ಮುಗಿಸುತ್ತೇವಲ್ಲ, ಅದು. ಆಸ್ಪತ್ರೆಯ ವಾರ್ಡಿನಲ್ಲಿ ನಾಲ್ಕು ದಿನ ನಾಚಿಕೆ ಬಿಟ್ಟು ಮಲಗಬಹುದು. ಇಲ್ಲಿ ಆ ಕೋಣೆಯೇ ಅವರ ಮನೆ. ಕ್ಯಾಮೆರಾದ ಪ್ರಶ್ನೆ ಕಷ್ಟವಾಗುವುದು ಅದಕ್ಕೇ.

ನನ್ನ ಅಮ್ಮ ಕೆಂಗೇರಿ ಕಡೆಯ ಇಂಥದೊಂದು ಹೋಮಿನಲ್ಲಿ ಮೂರು ವರ್ಷ ಇದ್ದಳು. ನಾನು ಮೈಸೂರಿನಲ್ಲಿ, ಅಣ್ಣ ನ್ಯೂಜೆರ್ಸಿಯಲ್ಲಿ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ಬೇರೆ ದಾರಿ ಕಾಣಲಿಲ್ಲ. ಸೇರಿಸಿದ ಎರಡನೇ ವಾರಕ್ಕೇ ಅಣ್ಣ ಅಲ್ಲಿಂದಲೇ ಆರ್ಡರ್ ಮಾಡಿ ಒಂದು ವೈಫೈ ಕ್ಯಾಮೆರಾ ಕಳಿಸಿದ. ಕಪಾಟಿನ ಮೇಲೆ ಅದನ್ನಿಟ್ಟು ವೈರು ಸಿಕ್ಕಿಸುತ್ತಿದ್ದಾಗ ಅಮ್ಮ, “ಅದೇನೇ ಅದು?” ಅಂದಳು. ಹೇಳಿದೆ. “ಓಹೋ, ಇನ್ಮೇಲೆ ನಾನೇ ನಿಮ್ಮ ಸೀರಿಯಲ್ಲು” ಅಂದಳು. ನಾನು ನಕ್ಕುಬಿಟ್ಟೆ. ಅದು ಒಪ್ಪಿಗೆಯೋ ದೂರೋ ಅಂತ ಕೇಳಬೇಕಿತ್ತು, ಕೇಳಲಿಲ್ಲ.

ಆ ಕ್ಯಾಮೆರಾ ಐದು ತಿಂಗಳು ಇತ್ತು. ಜಗಳವಾಗಿ ಅಮ್ಮನೇ ತೆಗೆಸಿದಳು. ಆಮೇಲೆ ಬೇರೆ ರೀತಿಯಲ್ಲಿ, ಅವಳನ್ನೇ ಕೇಳಿ, ಮತ್ತೆ ಇಟ್ಟೆವು. ಈ ಹೋಲಿಕೆ ಆ ಓಡಾಟದಲ್ಲಿ ಕಲಿತದ್ದು.

ನಿಮಗಿರುವುದು ಯಾವ ಭಯ?

ಯಾವ ಕ್ಯಾಮೆರಾ ಕೊಳ್ಳಲಿ ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು ಇದನ್ನೇ. ಭಯಕ್ಕೆ ತಕ್ಕಂತೆ ಉತ್ತರ ಬದಲಾಗುತ್ತದೆ.

ಬೀಳುತ್ತಾರೆ ಎಂಬ ಭಯವಾದರೆ ಕ್ಯಾಮೆರಾದಿಂದ ಹೆಚ್ಚು ಉಪಯೋಗವಿಲ್ಲ. ವಯಸ್ಸಾದವರು ರಾತ್ರಿ ಮಂಚದಿಂದ ಎದ್ದು ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ, ಬಚ್ಚಲಲ್ಲೇ ಬೀಳುತ್ತಾರೆ. ಬಚ್ಚಲಿಗಂತೂ ಯಾವ ಕಾರಣಕ್ಕೂ ಕ್ಯಾಮೆರಾ ಇಡುವ ಹಾಗಿಲ್ಲ. ಮಂಚದ ಬಳಿಯೇ ಬಿದ್ದರೂ ಆ ಗಳಿಗೆಯಲ್ಲಿ ಯಾರು ನೋಡುತ್ತಿರುತ್ತಾರೆ? ನಮ್ಮ ರಾತ್ರಿ ಎರಡು ಗಂಟೆಗೆ ಅಣ್ಣನಿಗೆ ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆ. ಅವನು ಮೀಟಿಂಗಿನಲ್ಲಿ, ನಾನು ನಿದ್ದೆಯಲ್ಲಿ. ಬಿದ್ದದ್ದನ್ನು ಬೆಳಿಗ್ಗೆ ನೋಡಿ ಅಳಬಹುದು, ಅಷ್ಟೆ. ಬೀಳುವ ಭಯಕ್ಕೆ ಬೇಕಾದದ್ದು ಬಚ್ಚಲಿನ ಗೋಡೆಗೆ ಹಿಡಿಕೆ, ರಾತ್ರಿಯಿಡೀ ಉರಿಯುವ ಸಣ್ಣ ದೀಪ, ಕೈಗೆಟುಕುವ ಬೆಲ್ಲು, ಆ ಬೆಲ್ಲಿಗೆ ಓಡಿಬರುವ ಒಬ್ಬ ಆಯಾ.

ಸರಿಯಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಎಂಬ ಭಯ ಬೇರೆ. ಇಲ್ಲಿ ಕ್ಯಾಮೆರಾ ನಿಜಕ್ಕೂ ಕೆಲಸ ಮಾಡುತ್ತದೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಮಗ್ಗುಲು ಬದಲಿಸಿದರೇ, ಊಟದ ತಟ್ಟೆ ಕೈಗೆಟುಕುವ ಕಡೆ ಇಟ್ಟರೇ, ನೀರು ಕುಡಿಸಿದರೇ ಎಂಬುದೆಲ್ಲ ವಿಡಿಯೊದಲ್ಲಿ ಗಂಟೆ ನಿಮಿಷದ ಸಮೇತ ಕಾಣುತ್ತದೆ. ಒಂದು ರಾತ್ರಿ ಅಮ್ಮ ಬೆಲ್ ಒತ್ತಿ ನಲವತ್ತು ನಿಮಿಷ ಕಾದಿದ್ದಳು. ಹೋಮಿನವರು “ಹಾಗೆಲ್ಲ ಆಗೋದೇ ಇಲ್ಲ ಮೇಡಂ, ಅವರಿಗೆ ಟೈಮಿನ ಅಂದಾಜು ಸಿಗಲ್ಲ” ಎಂದರು. ಫೋನಿನಲ್ಲಿ ತೋರಿಸಿದೆ. ಆ ಮಹಡಿಯ ಇಪ್ಪತ್ತೆರಡು ಮಂದಿಗೆ ರಾತ್ರಿ ಇದ್ದದ್ದು ಒಬ್ಬಳೇ ಆಯಾ ಎಂಬುದು ಆಗ ಹೊರಬಿತ್ತು. ತಪ್ಪು ಆ ಹುಡುಗಿಯದಾಗಿರಲಿಲ್ಲ. ಆದರೆ ವಿಡಿಯೊ ನೋಡಿದ ಕೂಡಲೇ ಮೊದಲು ಬೈಗುಳ ತಿಂದವಳು ಅವಳೇ. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೊಡೆಯುತ್ತಾರೆ, ಗದರುತ್ತಾರೆ ಎಂಬ ಅನುಮಾನ ಬಂದಿದ್ದರೆ ಕ್ಯಾಮೆರಾ ಸಾಕ್ಷಿಯಾಗಬಹುದು, ಸ್ವಲ್ಪ ಹೆದರಿಕೆಯನ್ನೂ ಹುಟ್ಟಿಸಬಹುದು. ಆದರೆ ಅನುಮಾನ ಬಲವಾಗಿದ್ದರೆ ವಿಡಿಯೊ ಸಿಗಲಿ ಎಂದು ಕಾಯುತ್ತಾ ಅವರನ್ನು ಅಲ್ಲೇ ಬಿಡುವುದು ಸರಿಯೇ? ಮೊದಲು ಹೊರಗೆ ಕರೆತನ್ನಿ. ಬೆಂಗಳೂರಿನಲ್ಲಿ ಪೊಲೀಸರ ಜತೆಗೂಡಿ ನಡೆಯುವ ಹಿರಿಯರ ಸಹಾಯವಾಣಿ 1090 ಇದೆ. ದೇಶಕ್ಕೆಲ್ಲ ಒಂದೇ ಎಂದು 14567 ಇದೆ.

ಕಳ್ಳತನದ ಭಯಕ್ಕೆ ಕ್ಯಾಮೆರಾ ದಂಡ. ಬಳೆ, ಸರ ಮನೆಗೆ ತಂದಿಡಿ.

ಕೊನೆಯದೊಂದು ಭಯ ಉಂಟು, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ: ಅಲ್ಲಿ ಬಿಟ್ಟುಬಂದೆವಲ್ಲ ಎಂಬ ಚುಚ್ಚು. ಅಣ್ಣ ದಿನಕ್ಕೆ ಹದಿನೈದು ಸಲ ಆ್ಯಪ್ ತೆರೆದು ನೋಡುತ್ತಿದ್ದ, ಫೋನ್ ಮಾಡುತ್ತಿದ್ದದ್ದು ವಾರಕ್ಕೊಮ್ಮೆ. “ನೋಡ್ತಾನೇ ಇರ್ತೀನಲ್ಲ” ಅನ್ನುತ್ತಿದ್ದ. ಅವನು ಅಮ್ಮನನ್ನು ನೋಡುತ್ತಿದ್ದ. ಅಮ್ಮ ಅವನನ್ನು ನೋಡಿ ತಿಂಗಳಾಗಿತ್ತು. ಈ ಕಾರಣಕ್ಕೆ ಕ್ಯಾಮೆರಾ ಬೇಕೆನಿಸಿದರೆ ಆ ದುಡ್ಡಿಗೆ ಅವರಿಗೊಂದು ದೊಡ್ಡ ಅಕ್ಷರದ ಫೋನ್ ಕೊಡಿಸಿ.

ಆಯ್ಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ

*ಹೋಮಿನವರದೇ ಸಿಸಿಟಿವಿ.* ಕಾರಿಡಾರ್, ಊಟದ ಹಾಲ್, ಗೇಟಿನಲ್ಲಿ ಈಗ ಬಹುತೇಕ ಕಡೆ ಇರುತ್ತದೆ. ಇದಕ್ಕೆ ನನ್ನ ತಕರಾರಿಲ್ಲ. ಯಾರು ಯಾವ ಹೊತ್ತಿಗೆ ಕೋಣೆಯೊಳಗೆ ಹೋದರು, ಎಷ್ಟು ಹೊತ್ತಿಗೆ ಬಂದರು ಎಂಬುದು ಕಾರಿಡಾರಿನ ಕ್ಯಾಮೆರಾದಲ್ಲೇ ಸಿಗುತ್ತದೆ. ಆಯಾ ರಾತ್ರಿ ಎಷ್ಟು ಸಲ ಬಂದಳೆಂದು ತಿಳಿಯಲು ಕೋಣೆಯೊಳಗೆ ಕಣ್ಣಿಡಬೇಕಾಗಿಲ್ಲ, ಬಾಗಿಲು ಕಂಡರೆ ಸಾಕು. ಇದು ನನಗೆ ಹೊಳೆದದ್ದು ತಡವಾಗಿ. ತೊಂದರೆಯೆಂದರೆ ಆ ವಿಡಿಯೊ ಅವರ ಕೈಯಲ್ಲಿ. ಸೇರಿಸುವ ದಿನವೇ ಬರವಣಿಗೆಯಲ್ಲಿ ಕೇಳಿ: ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಏನಾದರೂ ಆದರೆ ನಮಗೆ ತೋರಿಸುತ್ತೀರಾ, ಪರದೆಯ ಮುಂದೆ ಕೂರುವವರು ಯಾರು. ಕೆಲವು ಕಡೆ ಕೋಣೆಯೊಳಗೂ ಅವರದೇ ಕ್ಯಾಮೆರಾ ಹಾಕಿ “ಸೇಫ್ಟಿಗೆ” ಎನ್ನುತ್ತಾರೆ. ಅದರ ಚಿತ್ರ ರಿಸೆಪ್ಷನ್ನಿನ ಟೀವಿಯಲ್ಲಿ ಬರುತ್ತಿದ್ದರೆ ಆ ಹೋಮ್ ಬೇಡ. ನಾನು ನೋಡಿದ ಒಂದರಲ್ಲಿ ಹಾಗೇ ಬರುತ್ತಿತ್ತು, ಹಾಲಿನವನೂ ನೋಡಿಕೊಂಡು ಹೋಗುತ್ತಿದ್ದ.

*ನೀವೇ ಇಡುವ ವೈಫೈ ಕ್ಯಾಮೆರಾ.* ಎರಡು ಮೂರು ಸಾವಿರ ರೂಪಾಯಿಗೆ ಸಿಗುತ್ತದೆ. ಒಳಗಿನ ಮೆಮೊರಿ ಕಾರ್ಡ್ ತುಂಬಿದ ಮೇಲೆ ಹಳೆಯದು ತಾನಾಗಿ ಅಳಿಯುತ್ತದೆ. ವಿಡಿಯೊ ನಿಮ್ಮದೇ, ಯಾರನ್ನೂ ಕೇಳಬೇಕಿಲ್ಲ. ಬೆಲೆ ತೆರಬೇಕಾದದ್ದು ಬೇರೆ ಕಡೆ. ಡಯಪರ್ ಬದಲಿಸುವಾಗ, ಒದ್ದೆ ಬಟ್ಟೆಯಲ್ಲಿ ಮೈ ಒರೆಸುವಾಗ ಸರಿಯಾಗಿ ನೋಡಿಕೊಳ್ಳುತ್ತಾರಾ ಎಂಬುದೇ ಮಕ್ಕಳ ದೊಡ್ಡ ಚಿಂತೆ. ಮಗನೋ ಅಳಿಯನೋ ನೋಡಬಾರದು ಎಂದು ಅಮ್ಮ ಬಯಸುವುದೂ ಆ ಹೊತ್ತನ್ನೇ. ಇದಕ್ಕೆ ಸುಲಭದ ಪರಿಹಾರ ನನಗಂತೂ ಸಿಕ್ಕಿಲ್ಲ. ವೈಫೈ ಹೋದರೆ, ಕರೆಂಟ್ ಹೋದರೆ ಕ್ಯಾಮೆರಾವೂ ಕುರುಡು. ಆ ಪ್ಲಗ್ ಪಾಯಿಂಟಿಗೆ ಯುಪಿಎಸ್ ಇದೆಯೇ ಎಂದು ಕೇಳಿಕೊಳ್ಳಿ.

*ಕ್ಯಾಮೆರಾದ ಸ್ಪೀಕರಿನಲ್ಲಿ ಮಾತಾಡುವುದು.* ಇದನ್ನು ಬೇರೆಯಾಗಿಯೇ ಹೇಳಬೇಕು. ಅಂಗಡಿಯವರು ಇದನ್ನು ದೊಡ್ಡ ಅನುಕೂಲವೆಂದು ಮಾರುತ್ತಾರೆ. ಮರೆವಿನ ಕಾಯಿಲೆ ಇರುವವರ ಕೋಣೆಯಲ್ಲಿ ದಯವಿಟ್ಟು ಬೇಡ. ಅಮ್ಮನ ಪಕ್ಕದ ಕೋಣೆಯ ತಾತನ ಮಗ ಕ್ಯಾಮೆರಾದಿಂದ “ಅಪ್ಪಾ, ಮಾತ್ರೆ ತಗೊಂಡ್ಯಾ?” ಅಂದಾಗಲೆಲ್ಲ ತಾತ ಮಂಚದಡಿ, ಬಾಗಿಲ ಹಿಂದೆ ಮಗನನ್ನು ಹುಡುಕುತ್ತಿದ್ದರು. ಕತ್ತಲಲ್ಲಿ ಕ್ಯಾಮೆರಾದ ಸುತ್ತ ಕಾಣುವ ಕೆಂಪು ಬೆಳಕಿಗೂ ಕೆಲವರು ಬೆಚ್ಚುತ್ತಾರೆ.

*ಚಿತ್ರ ತೆಗೆಯದ ಸೆನ್ಸರುಗಳು.* ಹಾಸಿಗೆಯಡಿ ಇಡುವ ಪ್ಯಾಡ್, ಬಾಗಿಲಿಗೆ ಅಂಟಿಸುವ ಸೆನ್ಸರ್, ಬಿದ್ದರೆ ರೇಡಾರಿನಿಂದ ಗುರುತಿಸುವ ಗೋಡೆಯ ಡಬ್ಬಿ, ಕೊರಳಿಗೆ ಹಾಕುವ ಎಸ್‌ಒಎಸ್ ಬಟನ್. ರಾತ್ರಿ ಮಂಚದಿಂದ ಎದ್ದ ತಕ್ಷಣ ಸಿಸ್ಟರ್ ಟೇಬಲ್ಲಿನಲ್ಲಿ ಸದ್ದಾದರೆ ಅವರು ಬೀಳುವ ಮೊದಲೇ ಯಾರಾದರೂ ಓಡಬಹುದು. ಕ್ಯಾಮೆರಾ ಮಾಡಲಾಗದ ಕೆಲಸ ಇದು. ರೇಡಾರ್ ಡಬ್ಬಿಯನ್ನು ಬಚ್ಚಲಲ್ಲೂ ಇಡಬಹುದು, ಅದಕ್ಕೆ ಮೈ ಕಾಣುವುದಿಲ್ಲ. ಆದರೆ ಸದ್ದು ಜಾಸ್ತಿಯಾದರೆ ಯಾರೂ ಕಿವಿಗೊಡುವುದಿಲ್ಲ. ದಕ್ಷಿಣ ಆಸ್ಟ್ರೇಲಿಯಾದ ಸರ್ಕಾರ ಎರಡು ಆರೈಕೆ ಕೇಂದ್ರಗಳಲ್ಲಿ ಕಂಪ್ಯೂಟರೇ ವಿಡಿಯೊ ಗಮನಿಸಿ ಎಚ್ಚರಿಸುವ ವ್ಯವಸ್ಥೆಯನ್ನು ಪ್ರಯೋಗಕ್ಕೆ ಹಾಕಿತ್ತು. ಸಾವಿರಾರು ಸುಳ್ಳು ಎಚ್ಚರಿಕೆ ಬಂದು ಸಿಬ್ಬಂದಿ ದಣಿದುಹೋದರು. ಪ್ಯಾಡ್ ಕೊಳ್ಳುವ ಮೊದಲು ರಾತ್ರಿ ಪಾಳಿಯ ಸಿಸ್ಟರನ್ನೇ ಕೇಳಿ, “ಇದು ಕೂಗಿದರೆ ನೀವು ಬರೋಕಾಗುತ್ತಾ?” ಎಂದು. ಮ್ಯಾನೇಜರನ್ನು ಕೇಳಿ ಪ್ರಯೋಜನವಿಲ್ಲ.

*ವಿಡಿಯೊ ಕಾಲ್.* ಅವರು ಎತ್ತಿದರೆ ಮಾತ್ರ ನಮಗೆ ಕಾಣಿಸುತ್ತಾರೆ, ಅವರಿಗೆ ನಾವೂ ಕಾಣುತ್ತೇವೆ. ತಾನಾಗಿ ಎತ್ತಿಕೊಳ್ಳುವ ಸೆಟ್ಟಿಂಗ್ ಹಾಕಿದರೆ ಅದೂ ಕ್ಯಾಮೆರಾನೇ ಆಗಿಬಿಡುತ್ತದೆ.

*ಗೊತ್ತಾಗದಂತೆ ಇಡುವ ಕ್ಯಾಮೆರಾ.* ಗಡಿಯಾರದೊಳಗೆ, ಚಾರ್ಜರಿನೊಳಗೆ ಇರುವವು ಸುಲಭವಾಗಿ ಸಿಗುತ್ತವೆ. ಅಮ್ಮನಿಗೂ ತಿಳಿಸದೆ ಇಡುವುದು ನನಗೆ ಯಾವ ಸಂದರ್ಭದಲ್ಲೂ ಸರಿ ಕಂಡಿಲ್ಲ. ಬಟ್ಟೆ ಬದಲಿಸುತ್ತಿರುವ ಆಯಾಳೋ ಪಕ್ಕದ ಮಂಚದವರೋ ಅದರಲ್ಲಿ ಸೆರೆಯಾದರೆ ನೀವೇ ಆರೋಪಿಯಾಗುತ್ತೀರಿ.

*ಮನುಷ್ಯರು.* ನೋಡಿದರೆ ಹಳೇ ಕಾಲದ ಸಲಹೆ. ಹೊತ್ತು ಗೊತ್ತು ಹೇಳದೆ, ಒಂದು ದಿನ ಬೆಳಿಗ್ಗೆ ಏಳಕ್ಕೆ, ಇನ್ನೊಂದು ದಿನ ರಾತ್ರಿ ಊಟದ ಹೊತ್ತಿಗೆ ಹೋಗಿ ಕೂತರೆ ಕ್ಯಾಮೆರಾಕ್ಕೆ ಕಾಣದ್ದೆಲ್ಲ ಕಾಣುತ್ತದೆ. ಕೋಣೆಯ ವಾಸನೆ, ಬೆಡ್‌ಶೀಟಿನ ತೇವ, ಆಯಾ ಒಳಗೆ ಬಂದಾಗ ಅಮ್ಮನ ಮುಖ. ಊರಲ್ಲಿ ಇಲ್ಲದವರು ಅತ್ತಿಗೆಯನ್ನೋ ಹಳೆಯ ನೆರೆಯವರನ್ನೋ ವಾರಕ್ಕೊಮ್ಮೆ ಕಳಿಸಬಹುದು. ಸಂಜೆ ಆರರ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ ಎನ್ನುವ ಹೋಮಿಗಿಂತ, ಕ್ಯಾಮೆರಾ ಬೇಡ ಆದರೆ ಯಾವಾಗ ಬೇಕಾದರೂ ಬನ್ನಿ ಎನ್ನುವ ಹೋಮ್ ಮೇಲು.

ಪಕ್ಕದ ಮಂಚ

ನಮ್ಮ ಜಗಳ ಶುರುವಾದದ್ದು ಇಲ್ಲಿಂದ. ಮೊದಲ ತಿಂಗಳುಗಳಲ್ಲಿ ಅಮ್ಮ ಇದ್ದದ್ದು ಇಬ್ಬರ ಕೋಣೆಯಲ್ಲಿ. ಪಕ್ಕದ ಮಂಚದ ಅಜ್ಜಿಯನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಕಪಾಟಿನ ಮೇಲಿಂದ ನಮ್ಮ ಕ್ಯಾಮೆರಾಕ್ಕೆ ಅರ್ಧ ಅಮ್ಮನ ಮಂಚ, ಅರ್ಧ ಅವರ ಮಂಚ ಕಾಣುತ್ತಿತ್ತು. ಸೀರೆ ಬದಲಿಸುವಾಗ ಅವರು ಗೋಡೆಗೆ ಮುಖ ಮಾಡಿ, ಬೆನ್ನು ಕ್ಯಾಮೆರಾಕ್ಕೆ ತಿರುಗಿಸಿಕೊಂಡು ನಿಲ್ಲುತ್ತಿದ್ದರು. ಅದನ್ನು ನಾನು ಫೋನಿನಲ್ಲಿ ನೋಡಿದ್ದೆ. ಆದರೂ ಅವರನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲಿಲ್ಲ. ಕೊನೆಗೆ ಅಮ್ಮನೇ ಹೇಳಿದಳು: “ಅವರಿಗೆ ಹೇಳೋಕೆ ಸಂಕೋಚ ಕಣೇ. ನನ್ನ ಮಗಳು ದೊಡ್ಡ ಕೆಲಸದಲ್ಲಿದ್ದಾಳೆ ಅಂತ ಸುಮ್ನಿದ್ದಾರೆ.”

ಅಮೆರಿಕದ ಕೆಲವು ರಾಜ್ಯಗಳು ಇದಕ್ಕೆಂದೇ ಕಾನೂನು ಮಾಡಿವೆ. 2001 ರಲ್ಲಿ ಟೆಕ್ಸಾಸ್ ಮೊದಲು ಮಾಡಿತು. ಇಲಿನಾಯ್ ರಾಜ್ಯದ ಕಾಯ್ದೆ 2016 ರ ಜನವರಿಯಿಂದ ಜಾರಿಯಲ್ಲಿದೆ, ಮಿನ್ನೆಸೋಟದ್ದು 2020 ರಿಂದ. ಇಲಿನಾಯ್ ಕ್ರಮ ನನಗೆ ಇಷ್ಟ. ಅಲ್ಲಿ ಕೋಣೆಯಲ್ಲಿ ವಾಸವಿರುವವರ ಲಿಖಿತ ಒಪ್ಪಿಗೆ ಬೇಕು, ಅದೇ ಕೋಣೆಯಲ್ಲಿ ಜತೆಗಿರುವವರ ಒಪ್ಪಿಗೆಯೂ ಬೇಕು. ಅವರು ಒಲ್ಲೆ ಎಂದರೆ ಬೇರೆ ಕೋಣೆ ಮಾಡಿಕೊಡಲು ಸಂಸ್ಥೆ ಪ್ರಯತ್ನಿಸಬೇಕು. ಬಾಗಿಲಲ್ಲಿ ಕ್ಯಾಮೆರಾ ಇದೆಯೆಂಬ ಫಲಕ ಹಾಕಬೇಕು, ಖರ್ಚು ಕ್ಯಾಮೆರಾ ಬೇಕೆಂದವರದು. ಒಪ್ಪಿಗೆಯ ನಮೂನೆಯಲ್ಲೇ ಷರತ್ತು ಹಾಕಬಹುದು: ಧ್ವನಿ ಬೇಡ, ಸ್ನಾನ ಮಾಡಿಸುವಾಗ, ಬಟ್ಟೆ ಬದಲಿಸುವಾಗ ಮುಚ್ಚಬೇಕು, ವಕೀಲರೋ ಗುರುಗಳೋ ಬಂದಾಗ ಆರಿಸಬೇಕು, ಹೀಗೆ.

ನಮ್ಮಲ್ಲಿ ಕೋಣೆಯೊಳಗಿನ ಕ್ಯಾಮೆರಾಕ್ಕೆಂದೇ ಕಾಯ್ದೆ ಇಲ್ಲ, ಆದರೆ ಕಾನೂನೇ ಇಲ್ಲವೆಂದಲ್ಲ. ಒಪ್ಪಿಗೆಯಿಲ್ಲದೆ ಯಾರದೇ ಗುಪ್ತ ಅಂಗದ ಚಿತ್ರ ತೆಗೆಯುವುದು, ಹಂಚುವುದು ಐಟಿ ಕಾಯ್ದೆಯ 66ಇ ಕಲಮಿನಂತೆ ಅಪರಾಧ. ಮೂರು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಹೆಂಗಸರ ಖಾಸಗಿ ಗಳಿಗೆಯನ್ನು ಇಣುಕುವ, ಚಿತ್ರಿಸುವ ಯಾರಿಗೇ ಆಗಲಿ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023 ರದ್ದು. ನಿಯಮಗಳು 2025 ರ ನವೆಂಬರಿನಲ್ಲಿ ಪ್ರಕಟವಾದವು, ಜಾರಿ ಹಂತಹಂತವಾಗಿ. ಸ್ವಂತ, ಮನೆಬಳಕೆಗೆ ವ್ಯಕ್ತಿ ಮಾಡಿಕೊಳ್ಳುವುದಕ್ಕೆ ಅದರಲ್ಲಿ ವಿನಾಯಿತಿ ಉಂಟು; ವ್ಯವಹಾರ ನಡೆಸುವ ಹೋಮಿಗೆ ಆ ವಿನಾಯಿತಿ ಸಿಗದು.

“ಈ ವಯಸ್ಸಲ್ಲಿ ಎಂಥ ಪ್ರೈವೆಸಿ” ಎನ್ನುವವರು ನಮ್ಮ ನೆಂಟರಲ್ಲೇ ಹತ್ತು ಜನ ಇದ್ದಾರೆ. ಅವರಿಗೆ ನಾನು ಹೇಳುವುದು ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರು. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ಅವರು 2012 ರಲ್ಲಿ ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದಾಗ ವಯಸ್ಸು 86. ಅದೇ ಮೊಕದ್ದಮೆಯಲ್ಲಿ 2017 ರ ಆಗಸ್ಟ್ 24 ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿತು.

ಮರೆವಿನ ಕಾಯಿಲೆ ಇದ್ದವರ ಒಪ್ಪಿಗೆ ಪಡೆಯುವುದು ಹೇಗೆ? ಅವರು ಚೆನ್ನಾಗಿದ್ದಾಗ ಹೇಗಿದ್ದರು ಎಂದು ನೆನಪಿಸಿಕೊಳ್ಳಿ. ಬಾಗಿಲು ಹಾಕಿಕೊಳ್ಳದೆ ಎಂದೂ ಸೀರೆ ಉಡದವರು, ಆಸ್ಪತ್ರೆಯಲ್ಲೂ ಸೆರಗು ಎಳೆದುಕೊಳ್ಳುತ್ತಿದ್ದವರು ಈಗ ಮರೆತಿದ್ದಾರೆಂದು ನಾವೂ ಮರೆಯುವುದೇ? ಮರೆತವರೂ ಮುಖ ತಿರುಗಿಸುತ್ತಾರೆ, ಕ್ಯಾಮೆರಾದ ಕಡೆ ಬೆರಳು ಮಾಡಿ ಬೈಯುತ್ತಾರೆ. ಅದನ್ನು ಬೇಡ ಎಂದೇ ಓದಿಕೊಳ್ಳಿ. ಅವರಿಗೆ ಪ್ಯಾಡ್, ಬಾಗಿಲ ಸೆನ್ಸರ್, ಕಾರಿಡಾರ್ ಕ್ಯಾಮೆರಾ ಈ ಮೂರರಿಂದ ಶುರುಮಾಡುವುದು ವಾಸಿ.

ಇಟ್ಟೇ ಇಡುವುದಾದರೆ

2025 ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಸುದ್ದಿ ನೆನಪಿರಬಹುದು. ಹೆಂಗಸರನ್ನು ಪರೀಕ್ಷಿಸುವ ಕೋಣೆಯ ಸಿಸಿಟಿವಿ ವಿಡಿಯೊ ಯೂಟ್ಯೂಬಿನಲ್ಲಿ ಕಾಣಿಸಿಕೊಂಡು, ಟೆಲಿಗ್ರಾಂ ಗುಂಪುಗಳಲ್ಲಿ ದುಡ್ಡಿಗೆ ಮಾರಾಟವಾಗಿತ್ತು. ಆ ಕ್ಯಾಮೆರಾವನ್ನೂ ಯಾರೋ ‘ಸೇಫ್ಟಿಗೆ’ ಎಂದೇ ಹಾಕಿದ್ದಿರಬೇಕು. ಹಾಗಾಗಿ ಪೆಟ್ಟಿಗೆಯೊಡನೆ ಬಂದ ಪಾಸ್‌ವರ್ಡ್ ಅಂದೇ ಬದಲಿಸಿ, ಲಾಗಿನ್ ಮಾಡುವಾಗ ಒಟಿಪಿ ಕೇಳುವಂತೆ ಮಾಡಿ, ಆ್ಯಪ್ ಅಪ್‌ಡೇಟ್ ಮಾಡುತ್ತಿರಿ. ಹೆಸರಿಲ್ಲದ ಕಂಪನಿಯ ಅಗ್ಗದ ಮಾಲು ಬೇಡ. ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರ 2025 ರ ಏಪ್ರಿಲಿನಿಂದ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ, ಅದನ್ನು ದಾಟಿದ್ದು ನೋಡಿ ಕೊಳ್ಳಿ.

ಆದರೆ ನಮ್ಮ ಮನೆಯಲ್ಲಿ ಸೋರಿದ್ದು ಹ್ಯಾಕರಿನಿಂದಲ್ಲ. ಲಾಗಿನ್ ಐದು ಜನರ ಹತ್ತಿರ ಇತ್ತು: ಅಣ್ಣ, ಅತ್ತಿಗೆ, ನಾನು, ನನ್ನ ಗಂಡ, ಚಿಕ್ಕಮ್ಮನ ಮಗ. ಒಂದು ಮಧ್ಯಾಹ್ನ ಆ ಹುಡುಗ “ದೊಡ್ಡಮ್ಮ ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ ನೋಡಿ” ಎಂದು ಸ್ಕ್ರೀನ್‌ಶಾಟ್ ತೆಗೆದು ನಲವತ್ತು ಜನರ ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ. ಸೆಕೆಗೆ ಅಮ್ಮ ಸೆರಗು ಸರಿಸಿ ಮಲಗಿದ್ದಳು. ಹೃದಯದ ಚಿತ್ರ, ಕೈಮುಗಿದ ಚಿತ್ರ ಇಪ್ಪತ್ತು ಬಂದವು. ಸಂಜೆ ಯಾರೋ ಫೋನ್ ಮಾಡಿ ಅಮ್ಮನಿಗೇ ಹೇಳಿದರು. ಮಾರನೇ ದಿನ ನಾನು ಹೋಗುವಷ್ಟರಲ್ಲಿ ಆಯಾಳಿಂದ ವೈರು ಕೀಳಿಸಿ, ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಗಿಲ ಬಳಿ ಇಡಿಸಿದ್ದಳು. ಬೈಯಲಿಲ್ಲ. ಕಾಫಿ ತರಿಸಿದಳು.

ಎರಡನೇ ಸಲ, ಸುಮಾರು ಒಂದು ವರ್ಷದ ಮೇಲೆ, ಅವಳಿಗೇ ಕ್ಯಾಮೆರಾ ಬೇಕೆನಿಸಿತು. ಆಗ ಒಬ್ಬರ ಕೋಣೆಗೆ ಬಂದಿದ್ದಳು. ರಾತ್ರಿ ಪಾಳಿಯ ಹೊಸ ಆಯಾ ಬೆಲ್ಲಿಗೆ ಬರುತ್ತಿರಲಿಲ್ಲ. “ಅದನ್ನ ಮತ್ತೆ ತಾ, ಆದ್ರೆ ನಾನು ಹೇಳಿದ ಕಡೆ ಇಡು” ಅಂದಳು. ಈ ಸಲ ನಾವು ಮಾಡಿದ್ದನ್ನು ಹೇಳಿಬಿಡುತ್ತೇನೆ, ನಿಮಗೆ ಬೇಕಾದಷ್ಟು ತೆಗೆದುಕೊಳ್ಳಿ. ಕ್ಯಾಮೆರಾ ಕಪಾಟಿನ ಮೇಲಿಂದ ಇಳಿದು ಮಂಚದ ಪಕ್ಕದ ಮೇಜಿಗೆ ಬಂತು, ಅವಳ ಕೈಗೆಟುಕುವಂತೆ. ಮುಖ ಬಾಗಿಲ ಕಡೆಗೆ. ಮಂಚದ ಕಾಲ್ದೆಸೆ ಮಾತ್ರ ಕಾಣುತ್ತಿತ್ತು. ಮೈಕ್ ಆಫ್, ಅವಳು ಗೆಳತಿಯರ ಜತೆ ಸೊಸೆಯ ಬಗ್ಗೆ ಏನು ಮಾತಾಡಿದರೂ ಅದು ಅವಳದೇ. ಲಾಗಿನ್ ನನ್ನೊಬ್ಬಳ ಹತ್ತಿರ, ಅಣ್ಣನಿಗೆ ನೋಡಲು ಮಾತ್ರ ಅವಕಾಶ. ರೆಕಾರ್ಡ್ ಆಗುವುದು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಹೋಮಿನವರಿಗೆ ಒಂದು ಕಾಗದ ಕೊಟ್ಟು ಸಹಿ ಹಾಕಿಸಿಕೊಂಡೆ, ಬಾಗಿಲಿಗೆ ಕನ್ನಡದಲ್ಲೂ ಹಿಂದಿಯಲ್ಲೂ ಒಂದು ಚೀಟಿ ಅಂಟಿಸಿದೆ, ಯಾಕೆಂದರೆ ಅಲ್ಲಿನ ಹುಡುಗಿಯರಲ್ಲಿ ಅರ್ಧ ಜನ ಒಡಿಶಾ, ಜಾರ್ಖಂಡಿನವರು. ಅವರಿಗೂ ತಿಳಿದಿರಬೇಕಲ್ಲ, ಯಾವಾಗ ಯಾರು ನೋಡುತ್ತಾರೆಂದು. ತಪ್ಪು ಕಂಡರೆ ಮೊದಲು ಆ ಹುಡುಗಿಯನ್ನೇ ಕೇಳುತ್ತೇನೆ, ಆಮೇಲೆ ಮ್ಯಾನೇಜರ್ ಎಂದು ಮಾತು ಕೊಟ್ಟಿದ್ದೆ.

ಅದರ ಮೇಲೆ ಹೊದಿಸಲು ಅಮ್ಮ ಒಂದು ರವಿಕೆ ಕಣ ಇಟ್ಟುಕೊಂಡಿದ್ದಳು, ಯಾರದೋ ಅರಿಶಿನ ಕುಂಕುಮಕ್ಕೆ ಬಂದದ್ದು, ಕೆಂಪು. ಬೇಡವೆನಿಸಿದಾಗ ಮುಚ್ಚುತ್ತಿದ್ದಳು, ರಾತ್ರಿ ಮಲಗುವ ಮುಂಚೆ ತೆಗೆಯುತ್ತಿದ್ದಳು. ಒಂದು ದಿನ ಬೆಳಗಿನಿಂದ ರಾತ್ರಿವರೆಗೂ ಹಾಗೇ ಮುಚ್ಚಿತ್ತು. ಆ್ಯಪ್ ತೆರೆದ ಅಣ್ಣನಿಗೆ ಬರೀ ಕೆಂಪು. ಗಾಬರಿಯಾಗಿ ಫೋನ್ ಮಾಡಿದ. “ಏನಿಲ್ಲ ಕಣೋ, ಎಣ್ಣೆ ಹಚ್ಚಿಸ್ಕೊಂಡಿದ್ದೆ, ತೆಗೆಯೋದು ಮರೆತೆ” ಅಂದಳು. ಮುಕ್ಕಾಲು ಗಂಟೆ ಮಾತಾಡಿದರಂತೆ. ಆ ತಿಂಗಳು ಅವಳು ಬಟ್ಟೆ ತೆಗೆಯಲು ಮರೆತದ್ದು ಅದು ನಾಲ್ಕನೇ ಸಲ.